ಬೆನ್ನು ಮುಟ್ಟದ ಖೋ

ಆ ದಿನವೂ ನಾನು ಎದ್ದಾಗ ಇನ್ನೂ ಕತ್ತಲೆಯಿತ್ತು. ಹಂಡೆ ಒಲೆಗೆ ತೆಂಗಿನ ಗರಿ ತುರುಕಿ ಉರಿ ಮಾಡಿದೆ. ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದೆ. ಅತ್ತೆಗೆ ಬೆಲ್ಲದ ಕಾಫಿ, ನಮ್ಮನೆಯವರಿಗೆ ಸಕ್ಕರೆ ಕಾಫಿ ಕೊಟ್ಟು, ಹಿತ್ತಲ ಬಾಗಿಲ ಹತ್ತಿರ ಕಂಬಳಿ ಹಾಸಿ, ಇಸ್ತ್ರಿ ಪೆಟ್ಟಿಗೆಗೆ ಕರಟದ ಕೆಂಡ ತುಂಬಿಕೊಂಡು ಮಗಳ ಬಿಳಿ ಪೋಲಕದ ಮುಂದೆ ಕುಳಿತೆ.

ಹಿಂದಿನ ದಿನವೇ ಅದನ್ನು ಗಂಜಿಯಲ್ಲಿ ಅದ್ದಿ ಒಣಗಿಸಿದ್ದೆ. ಅನ್ನ ಬಸಿದ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಚಿಟಿಕೆ ನೀಲಿ ಕದಡಿ, ಗಂಟಿಲ್ಲದ ಹಾಗೆ ಪೋಲಕಕ್ಕೆ ಕುಡಿಸುವುದು ನಾನು ಕಾನ್ವೆಂಟಿನ ಹಾಸ್ಟೆಲಿನಲ್ಲಿ ಕಲಿತ ವಿದ್ಯೆ. ಕಾಲರು ಹಿಡಿಯದೆಯೇ ಎದ್ದು ನಿಲ್ಲಬೇಕು, ತೋಳಿನ ಮಡಿಕೆ ಕಾಗದದಂತಿರಬೇಕು ಎಂದು ಅಲ್ಲಿಯ ಸಿಸ್ಟರ್ ಒಬ್ಬರು ಹೇಳುತ್ತಿದ್ದರು. ಶಿಕಾರಿಪುರಕ್ಕೆ ಸೊಸೆಯಾಗಿ ಬಂದ ಮೇಲೆ ನನ್ನ ಇಂಗ್ಲಿಷಾಗಲಿ ಹೊಲಿಗೆಯಾಗಲಿ ಯಾರಿಗೂ ಬೇಕಾಗಲಿಲ್ಲ. ಗಂಜಿಯೊಂದು ಉಳಿದಿತ್ತು. ಮಿಡ್ಲ್ ಸ್ಕೂಲಿನ ಅಷ್ಟೂ ಹುಡುಗಿಯರಲ್ಲಿ ನನ್ನ ಮಗಳ ಪೋಲಕದಂಥದು ಇನ್ನೊಂದಿಲ್ಲ ಎಂದು ಬೀದಿಯವರೇ ಹೇಳುತ್ತಿದ್ದರು. ಅದನ್ನು ಕೇಳಲು ನನಗೆ ಇಷ್ಟವಾಗುತ್ತಿತ್ತು.

ಮಗಳಿಗೆ ಆಗ ಹನ್ನೊಂದು. ನಾಲ್ಕು ವರ್ಷದವಳಿದ್ದಾಗಿನಿಂದ ಅವಳಿಗೆ ಇಸುಬು. ಮೊಣಕೈ ಸಂದು, ಮೊಣಕಾಲ ಹಿಂಭಾಗ, ಕತ್ತು. ತಣ್ಣಗಿದ್ದರೆ ಅದೂ ತಣ್ಣಗೆ, ಒರಟಾದ ಚರ್ಮದಂತೆ ಇದ್ದುಬಿಡುತ್ತಿತ್ತು. ಓಡಿ ಆಡಿ ಬೆವರಿದರೆ ಮಾತ್ರ ಹಸಿ ಸುಣ್ಣ ಬಿದ್ದ ಹಾಗೆ ಕೆಂಪಾಗಿ ಉರಿಯುತ್ತಿತ್ತು. ಅವಳಿಗೋ ಓಡದೆ ಇರಲು ಬಾರದು. ನಿಂತಲ್ಲಿ ನಿಲ್ಲುವ ಮಗುವಲ್ಲ ಅದು. ಖೋಖೋ ತಂಡಕ್ಕೆ ಆರಿಸಿದ್ದಾರೆಂದು ಹೇಳಲು ಸ್ಕೂಲಿನಿಂದ ಮನೆಯವರೆಗೂ ಓಡಿಬಂದು, ಹೇಳಲು ಉಸಿರಿಲ್ಲದೆ ನಿಂತಿದ್ದಳು. ಅಂದು ಸೊರಬದಲ್ಲಿ ಆಟ. ಅವಳಿಗೆ ಅದು ಮೊದಲನೆಯದು.

ನಾವಿಬ್ಬರೂ ಕೂಡಿ ಒಂದು ಕ್ರಮ ಮಾಡಿಕೊಂಡಿದ್ದೆವು. ಬೆಳಿಗ್ಗೆ ಸಂದುಗಳಿಗೆ ತೆಳ್ಳಗೆ ಕೊಬ್ಬರಿ ಎಣ್ಣೆ. ಚೀಲದಲ್ಲಿ ಹಳೆಯ ಪಂಚೆಯ ಮೆತ್ತನೆ ತುಂಡು, ಬೆವರನ್ನು ಒತ್ತಿ ತೆಗೆಯಲು, ಉಜ್ಜಬಾರದು. ಡ್ರಿಲ್ಲು ಮುಗಿದ ಕೂಡಲೇ ತಣ್ಣೀರಿನಲ್ಲಿ ಕೈಕಾಲು ಕತ್ತು ತೊಳೆದು, ಪೂರ್ತಿ ಆರಿದ ಮೇಲೆ ಡಾಕ್ಟರು ಕೊಟ್ಟ ಗುಲಾಬಿ ಬಣ್ಣದ ಔಷಧಿ. ಉಗುರು ಮೂರು ದಿನಕ್ಕೊಮ್ಮೆ ಕತ್ತರಿಸುವುದು. ಬದನೆಕಾಯಿ ನಂಜು ಎಂದು ಅವಳ ತಟ್ಟೆಗೆ ಹಾಕುತ್ತಿರಲಿಲ್ಲ. ಎಣ್ಣೆಗಾಯಿ ಎಂದರೆ ಪ್ರಾಣ ಬಿಡುತ್ತಿದ್ದ ಮಗು, ಭಾನುವಾರ ನಾವೆಲ್ಲ ತಿನ್ನುವಾಗ ಬರೀ ಮೊಸರನ್ನ ಕಲಸಿಕೊಂಡು ಕೂರುತ್ತಿತ್ತು. ಯಾಕೋ ಸೋಮವಾರ ಇಸುಬು ಹೆಚ್ಚುತ್ತಿತ್ತು. ಕದ್ದು ತಿಂದಿರಬೇಕೆಂದು ಎರಡು ಸಲ ಬೈದಿದ್ದೆ.

ಅತ್ತೆಯ ಕ್ರಮವೇ ಬೇರೆ. ಸುಡುನೀರು, ಕಡಲೆಹಿಟ್ಟು, ಹೊಂಗೆ ಎಣ್ಣೆ. ಅಂದು ಬೆಳಿಗ್ಗೆಯೂ ಬಚ್ಚಲ ಬಾಗಿಲಲ್ಲಿ ನಿಂತು ಶುರು ಮಾಡಿದರು.

"ಕೊಳೆ ಅದು. ಬಿಸಿನೀರು ಹಾಕಿ ತಿಕ್ಕಿದ್ರೆ ಹೋಗ್ತೈತೆ."

"ತಿಕ್ಕಬಾರದು ಅಂತ ಡಾಕ್ಟ್ರು ಹೇಳಿದಾರಲ್ಲ ಅತ್ತೆ."

"ಆ ಡಾಕ್ಟ್ರು ಎಲ್ಲಿದಾನೆ ಈಗ? ವರ್ಗ ಆಗಿ ಹೋದ. ನಾನು ಇಲ್ಲೇ ಇದೀನಿ."

ಅದೂ ನಿಜ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ಕಾಯಿಲೆಯಲ್ಲ, ಆಟ ನಿಲ್ಲಿಸಬೇಡಿ, ಬೆವರು ಮೈಮೇಲೆ ನಿಲ್ಲದ ಹಾಗೆ ನೋಡಿಕೊಳ್ಳಿ ಎಂದು ಸರ್ಕಾರಿ ಆಸ್ಪತ್ರೆಯ ಆ ಡಾಕ್ಟರು ನನಗೆ ಬಾಯಲ್ಲಿ ಹೇಳಿದ್ದರು. ಒಂದು ಚೀಟಿಯಲ್ಲಿ ಬರೆಸಿಕೊಳ್ಳಬೇಕೆಂದು ನನಗೆ ಹೊಳೆಯಲಿಲ್ಲ.

ಹುಡುಗಿಯರ ಜೊತೆ ಹೆಂಗಸೊಬ್ಬರು ಇರಲಿ ಎಂದು ಡ್ರಿಲ್ ಮೇಷ್ಟ್ರು ಹೇಳಿ ಕಳಿಸಿದ್ದರಿಂದ ನಾನೂ ಹೊರಟಿದ್ದೆ. ಒಗ್ಗರಣೆ ಅವಲಕ್ಕಿಯನ್ನು ದೊಡ್ಡ ಡಬ್ಬಿಗೆ ತುಂಬಿಕೊಂಡೆ. ಗೋಡೆಗೆ ಗೋಡೆ ಹತ್ತಿದ ಪಕ್ಕದ ಮನೆಯಾಕೆ ತಮ್ಮ ಮಗಳನ್ನು ಕರೆತಂದು ನನ್ನ ಕೈಗೆ ಒಪ್ಪಿಸಿದರು. ಅವಳೂ ತಂಡದಲ್ಲಿದ್ದಳು.

"ಕಿಟಕಿ ಕಡೆ ಕುಂದ್ರಿಸ್ರಿ, ಬಸ್ಸಿನಾಗೆ ವಾಂತಿ ಮಾಡ್ಕೋತಾಳೆ. ನಿಮ್ಮ ಮಗಳ ಪೋಲಕ ನೋಡ್ರಿ, ಹೊಸಾದರ ಹಂಗೇ ಐತೆ."

ಬಸ್ಸಿನಲ್ಲಿ ಅವಳನ್ನು ಕಿಟಕಿಯ ಬಳಿ ಕೂರಿಸಿ, ಪಕ್ಕದಲ್ಲಿ ನನ್ನ ಮಗಳನ್ನು ಕೂರಿಸಿದೆ. ಶಿರಾಳಕೊಪ್ಪ ದಾಟುವ ಹೊತ್ತಿಗೆ ತಿರುಗಿ ನೋಡಿದರೆ ಆ ಹುಡುಗಿ ತನ್ನ ಲಂಗದ ನೆರಿಗೆಯನ್ನೆಲ್ಲ ಬಳಿದು ತೊಡೆಯಡಿಗೆ ಸಿಕ್ಕಿಸಿಕೊಂಡು, ಕಿಟಕಿಯ ಸರಳಿಗೆ ಅಂಟಿ ಕುಳಿತಿದ್ದಳು. ಇಬ್ಬರ ನಡುವೆ ಇನ್ನೊಂದು ಮಗು ಕೂರುವಷ್ಟು ಜಾಗ. ವಾಂತಿ ಬರುತ್ತಿರಬೇಕೆಂದುಕೊಂಡೆ. ಆದರೆ ಆ ಲಂಗದ ನೆರಿಗೆ ನನ್ನ ಕಣ್ಣಿನಿಂದ ಹೋಗಲಿಲ್ಲ.

ಸೊರಬದಲ್ಲಿ ಇಳಿದಾಗ ಹತ್ತೂವರೆ. ದಸರೆ ರಜೆ ಕಳೆದಿತ್ತು. ಮಳೆ ಬಿಟ್ಟ ಮೇಲಿನ ಬಿಸಿಲು, ನೆಲದಿಂದ ಹಬೆ ಏಳುವಂಥದು. ಸ್ಕೂಲಿನ ಬಯಲಿನಲ್ಲಿ ಸುಣ್ಣದ ಗೆರೆ ಎಳೆದು ಎರಡು ಕಂಬ ನೆಟ್ಟಿದ್ದರು. ಅವಲಕ್ಕಿ ತಿಂದು ಮೊದಲ ಸರದಿಗೆ ನಮ್ಮವರು ಅಟ್ಟಲು ಇಳಿದರು. ಎಂಟು ಹುಡುಗಿಯರು ಸಾಲಾಗಿ ಕುಕ್ಕರುಗಾಲಲ್ಲಿ, ಒಬ್ಬಳ ಮುಖ ಈಚೆ, ಒಬ್ಬಳ ಮುಖ ಆಚೆ. ಒಂಬತ್ತನೆಯವಳು ಅಟ್ಟುವವಳು. ಅಟ್ಟುವವಳು ಸಾಲು ದಾಟುವ ಹಾಗಿಲ್ಲ. ಎದುರಾಳಿ ಆಚೆ ನುಸುಳಿದರೆ, ಆಚೆ ಮುಖ ಮಾಡಿ ಕುಳಿತವಳ ಬೆನ್ನಿಗೆ ಕೈಯಿಟ್ಟು "ಖೋ" ಅನ್ನಬೇಕು. ಆಗ ಅವಳು ಎದ್ದು ಓಡುತ್ತಾಳೆ, ಅಟ್ಟಿದವಳು ಆ ಜಾಗದಲ್ಲಿ ಕೂರುತ್ತಾಳೆ. ನನ್ನ ಮಗಳು ನಡುವೆ, ಐದನೆಯವಳು.

ಮೊದಲು ನನಗೇನೂ ತಿಳಿಯಲಿಲ್ಲ. ಸಾಲು ಎದ್ದು ಕೂತು ಎದ್ದು ಕೂತು ನೀರಿನಂತೆ ಆಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಗಮನಿಸಿದೆ. ನಾಲ್ಕನೆಯವಳು ಎದ್ದಿದ್ದಾಳೆ, ಆರನೆಯವಳು ಎರಡು ಸಲ ಎದ್ದಿದ್ದಾಳೆ, ಐದನೆಯವಳು ಮಾತ್ರ ಕೂತೇ ಇದ್ದಾಳೆ. ಎದುರಾಳಿ ಅವಳ ಮೂಗಿನ ಮುಂದೆಯೇ ನುಸುಳಿದಾಗಲೂ ಅಟ್ಟುವವಳು ಅವಳನ್ನು ಬಿಟ್ಟು ಮುಂದಿನವಳ ಬೆನ್ನಿಗೆ ಓಡುತ್ತಿದ್ದಳು. ಅಷ್ಟರಲ್ಲಿ ಎದುರಾಳಿ ಕಂಬ ಸುತ್ತಿಬಿಡುತ್ತಿದ್ದಳು.

ಅವಳು ಕೆರೆದುಕೊಳ್ಳಲಿಲ್ಲ. ಎರಡೂ ಅಂಗೈಯನ್ನು ಮಣ್ಣಿಗೆ ಒತ್ತಿ ಹಿಡಿದು, ಓಡಲು ತಯಾರಾದ ಭಂಗಿಯಲ್ಲೇ ಕುಳಿತಿದ್ದಳು. ಬೆವರು ಕಿವಿಯ ಹಿಂದಿನಿಂದ ಇಳಿದು ಕಾಲರಿನ ಅಂಚಿಗೆ ಬಂದು ನಿಂತು, ಅಲ್ಲಿಂದ ಒಳಗೆ ಹೋಗುತ್ತಿತ್ತು. ಒಮ್ಮೆ ನನ್ನ ಕಡೆ ನೋಡಿದಳು. ನಾನು ನಕ್ಕೆ. ಆ ನಗು ನೆನಪಾದರೆ ಇಂದಿಗೂ ನನಗೆ ನನ್ನ ಮೇಲೆಯೇ ಅಸಹ್ಯವಾಗುತ್ತದೆ.

ಆಮೇಲೆ ಪಕ್ಕದ ಮನೆಯ ಹುಡುಗಿಯ ಸರದಿ ಬಂತು. ಎದುರಾಳಿ ಐದನೆಯವಳ ಮುಂದೆಯೇ ಆಚೆ ದಾಟಿದಳು. ಮುಂದಿನ ಬೆನ್ನಿಗೆ ಓಡಲು ಹೊತ್ತಿಲ್ಲ. ಆ ಹುಡುಗಿ ನನ್ನ ಮಗಳ ಹಿಂದೆ ನಿಂತು ಕೈ ಚಾಚಿದಳು; ಬೆನ್ನಿಗೆ ಒಂದು ಗೇಣು ದೂರದಲ್ಲಿ ಕೈ ನಿಲ್ಲಿಸಿ "ಖೋ" ಅಂದಳು. ಮಗಳು ಬಾಣದ ಹಾಗೆ ಎದ್ದಳು. ಸೀಟಿ ಕೂಗಿತು.

"ಬೆನ್ನು ಮುಟ್ಟಬೇಕು," ಅಂದರು ಸೀಟಿಯ ಮೇಷ್ಟ್ರು, ಸೊರಬದವರು. "ಮುಟ್ಟದೆ ಹೇಳಿದ್ರೆ ಫೌಲು. ಕೂತ್ಕ ಮಗಾ."

ಮಗಳು ಕುಳಿತಳು. ಮತ್ತೆ ಹಾಗೆಯೇ ಆಯಿತು. ಮೂರನೆಯ ಸಲ ಸೀಟಿ ಊದಿದಾಗ ಸುತ್ತ ನಿಂತವರಲ್ಲಿ ಯಾರೋ, "ಇವರೆಂತ, ಗಾಳಿಗೆ ಖೋ ಕೊಡ್ತಾರನಾ," ಎಂದರು. ಜನ ನಕ್ಕರು. ಮೂರನೆಯ ಸಲ ನನ್ನ ಮಗಳು ಏಳಲೇ ಇಲ್ಲ. ಖೋ ತನಗಲ್ಲ ಎಂದು ಅವಳಿಗೆ ಗೊತ್ತಾಗಿತ್ತು.

ಸಿಟ್ಟು ಅನ್ನುವುದು ತಲೆಗೆ ಏರುತ್ತದೆ ಅನ್ನುತ್ತಾರೆ. ನನಗೆ ಅದು ಕೈಗೆ ಬಂತು. ಡಬ್ಬಿಯ ಮುಚ್ಚಳ ಹಿಡಿದಿದ್ದೆ, ಅದು ಹಿತ್ತಾಳೆಯದು, ಅಂಚು ಅಂಗೈಗೆ ಕೊರೆದು ಗುರುತು ಬಿದ್ದಿದ್ದು ಆಮೇಲೆ ನೋಡಿದೆ.

ಎದುರಿನ ತಂಡ ಅಟ್ಟಿ ಮುಗಿಸಿ ವಿರಾಮ ಬಿಟ್ಟಾಗ ಪಕ್ಕದ ಮನೆಯ ಹುಡುಗಿಯನ್ನು ಹತ್ತಿರ ಕರೆದೆ. "ಯಾಕಮ್ಮ ಮುಟ್ಟಲಿಲ್ಲ?"

ಅವಳು ನೆಲ ನೋಡುತ್ತ, "ನಮ್ಮಮ್ಮ ಬೈತಾಳೆ ಅತ್ತೆ. ಬೆವರು ತಾಗಿದ್ರೆ ನಮಗೂ ಬರ್ತೈತಂತೆ. ಎಲ್ಲರಿಗೂ ಹೇಳು ಅಂದಾಳೆ," ಎಂದಳು. ಮಗು ಸುಳ್ಳು ಹೇಳಲಿಲ್ಲ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ಆಗಲಿಲ್ಲ, ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಮಗಳನ್ನು ಸ್ಕೂಲಿನ ಹಿಂದಿನ ಬಾವಿಗೆ ಕರೆದುಕೊಂಡು ಹೋದೆ. ಅಲ್ಲಿ ಹೆರಿಗೆ ಮಾಡಿಸುವ ನರ್ಸಮ್ಮ ಒಬ್ಬರು ಆಡುವ ಮಕ್ಕಳಿಗೆಂದು ನೀರು ಸೇದಿಡುತ್ತಿದ್ದರು. ಸೊರಬದವರು, ವಯಸ್ಸಾದವರು. ಮಗಳ ಕತ್ತು ನೋಡಿ, ನೀರು ಹಾಕಲು ಬಗ್ಗಿದವರು ಕಾಲರನ್ನು ಎರಡು ಬೆರಳಲ್ಲಿ ಹಿಡಿದು ಮಡಿಸಿ ನೋಡಿದರು.

"ಇದೆಂತದು ಮಾರಾಯ್ರೆ, ಪೋಲಕವಾ ತಗಡಾ?"

"ಗಂಜಿ ಹಾಕಿದೀನಿ," ಅಂದೆ.

"ಬೆವರಿಗೆ ಗಂಜಿ ನೆನೆದು ಅಂಟಾಗ್ತದೆ. ಒಣಗಿದ ಕೂಡ್ಲೆ ಗರಗಸ. ಈ ಮೈಗೆ ಗರಗಸ ಹಾಕಿ ಓಡು ಅಂತ ಬಿಟ್ಟೀರಲ್ಲ. ಯಾರು ಹೇಳಿಕೊಟ್ಟದ್ದು ನಿಮಗೆ?"

ಅವರು ಪೋಲಕದ ತೋಳನ್ನು ಮೇಲೆ ಸರಿಸಿದರು. ಮೊಣಕೈ ಸಂದಿನಲ್ಲಿ, ತೋಳಿನ ಅಂಚು ಬಂದು ಕೂರುವ ಜಾಗದಲ್ಲಿ, ಗೆರೆ ಎಳೆದ ಹಾಗೆ ಚರ್ಮ ಸುಲಿದಿತ್ತು. ಕತ್ತಿನಲ್ಲಿ ಕಾಲರಿನ ಆಕಾರದಲ್ಲೇ ಇತ್ತು. ದಿನಾ ಎರಡು ಹೊತ್ತು ಎಣ್ಣೆ ಹಚ್ಚಿದವಳು ನಾನು. ಆ ಗೆರೆ ಅಷ್ಟು ನೇರವಾಗಿ ಯಾಕಿದೆ ಎಂದು ಒಂದು ದಿನ ಕೇಳಿಕೊಂಡವಳಲ್ಲ. ವಾರಕ್ಕೊಮ್ಮೆ ಭಾನುವಾರ ಗಂಜಿ ಹಾಕುತ್ತಿದ್ದೆ. ಸೋಮವಾರ ಹೊಸ ಗಂಜಿಯ ಪೋಲಕ. ಬೈದದ್ದು ಮಾತ್ರ ಬದನೆಕಾಯಿಗೆ.

"ನೀನು ಯಾಕೆ ಹೇಳಲಿಲ್ಲ, ಚುಚ್ಚುತ್ತೆ ಅಂತ?" ಎಂದು ಮಗಳನ್ನು ಕೇಳಿದೆ. ದನಿ ಗಟ್ಟಿಯಾಯಿತು.

"ನೀನು ಅಷ್ಟು ಚೆನ್ನಾಗಿ ಇಸ್ತ್ರಿ ಮಾಡ್ತೀಯಲ್ಲಮ್ಮ."

ನರ್ಸಮ್ಮ ನನ್ನ ಮುಖ ನೋಡದೆ ಇನ್ನೊಂದು ಕೊಡ ಸೇದಿದರು. ತಣ್ಣೀರು ಹಾಕಿ, ಪಂಚೆಯ ತುಂಡಿನಿಂದ ಒತ್ತಿ ಆರಿಸಿದೆವು. ವಾಪಸು ಬರುವಾಗ ಹಾಕಲೆಂದು ಚೀಲದಲ್ಲಿ ಮನೆಯಲ್ಲಿ ತೊಡುವ ಹಸಿರು ಪೋಲಕ ಇಟ್ಟಿದ್ದೆ. ಒಗೆದು ಒಗೆದು ಬಾಳೆಯ ಸುಳಿಯಷ್ಟು ಮೆತ್ತಗಾದದ್ದು. ಅದನ್ನು ತೊಡಿಸಿ ಬಯಲಿಗೆ ಕರೆತಂದೆ.

ಡ್ರಿಲ್ ಮೇಷ್ಟ್ರು ಅವಳನ್ನು ನೋಡಿ ತಲೆಯಾಡಿಸಿದರು. "ಬಣ್ಣದ ಪೋಲಕ ನಡೆಯಲ್ಲ ತಾಯಿ. ಹೆಂಗೂ ಅವಳನ್ನ ಈ ಸಲ ಹೊರಗೆ ಕುಂದ್ರಿಸೋಣ ಅಂತಿದ್ದೆ. ಮಕ್ಕಳು ಹೆದರ್ತಾವೆ, ಏನ್ ಮಾಡೋದು. ಡಾಕ್ಟ್ರ ಚೀಟಿ ಗೀಟಿ ಇದ್ರೆ ಬೇರೆ ಮಾತು."

ನನಗೆ ಗಂಡಸರ ಎದುರು ಎತ್ತಿ ಮಾತಾಡಿ ಅಭ್ಯಾಸವಿರಲಿಲ್ಲ. ಎತ್ತಲೂ ಇಲ್ಲ. ಎರಡು ಅಂಗೈಯನ್ನೂ ಬಿಡಿಸಿ ಅವರ ಮುಂದೆ ಹಿಡಿದೆ.

"ನನ್ನ ಕೈ ನೋಡಿ ಮೇಷ್ಟ್ರೇ. ಏಳು ವರ್ಷದಿಂದ ಇದೇ ಕೈಯಲ್ಲಿ ಅವಳಿಗೆ ಎಣ್ಣೆ ಹಚ್ಚಿದೀನಿ. ಎಲ್ಲಾದರೂ ಒಂದು ಗುಳ್ಳೆ ಇದೆಯಾ, ತೋರಿಸಿ. ಇವತ್ತು ಬೆಳಿಗ್ಗೆ ಅವಳಿಗೆ ಎಣ್ಣೆ ಹಚ್ಚಿ ಇದೇ ಕೈಯಲ್ಲಿ ಅವಲಕ್ಕಿ ಕಲಸಿದೆ. ನೀವು ಎರಡು ಸಲ ಹಾಕಿಸ್ಕೊಂಡ್ರಿ."

ಮೇಷ್ಟ್ರು ನನ್ನ ಕೈ ನೋಡಿದರು. ಆಮೇಲೆ ತಮ್ಮ ಬೆರಳುಗಳನ್ನು ನೋಡಿಕೊಂಡರು. ಸೀಟಿಯ ಮೇಷ್ಟ್ರು ದೂರದಿಂದ, "ಹಸಿರಾದ್ರೂ ಅಡ್ಡಿಲ್ಲ, ನಮ್ಮದೆಂತ ತಕರಾರಿಲ್ಲ. ಬೇಗ ಇಳೀರಿ," ಎಂದರು.

ಹುಡುಗಿಯರು ಸುತ್ತ ಗುಂಪಾಗಿ ಕೇಳಿಸಿಕೊಳ್ಳುತ್ತಿದ್ದರು. ಅವರಲ್ಲಿ ಎತ್ತರದವಳು ಒಬ್ಬಳು ಅಂಜನಾಪುರದ ಕಡೆಯವಳು, ಕುರಿ ಸಾಕುವವರ ಮನೆಯ ಮಗಳು, ತಂಡದ ನಾಯಕಿ. ಅವಳು ಮುಂದೆ ಬಂದು ನನ್ನ ಮಗಳ ಮೊಣಕೈ ತಿರುಗಿಸಿ, ಸಂತೆಯಲ್ಲಿ ಕುರಿ ನೋಡುವ ಹಾಗೆ ನೋಡಿದಳು.

"ಸಾರ್, ಕುರಿಗೆ ಕಜ್ಜಿ ಆದ್ರೆ ನಮ್ಮನೇಲಿ ಬೇವಿನೆಣ್ಣೆ ಹಚ್ಚೋದು ನಾನೇ. ಕಜ್ಜಿ ಹೆಂಗಿರ್ತೈತೆ ನಂಗೊತ್ತು. ಇದು ಅದಲ್ಲ."

"ನಾನೇನು ಕುರಿನಾ?" ಅಂದಳು ನನ್ನ ಮಗಳು.

"ಕುರಿ ನಿನಗಿಂತ ಜೋರಾಗಿ ಓಡ್ತೈತೆ. ಕುಂದ್ರು ಹೋಗು, ನಾನು ಕೊಡ್ತೀನಿ ಖೋ."

ಕೊಟ್ಟಳು. ಬೆನ್ನಿಗೆ ಅಂಗೈ ಬಿದ್ದ ಸದ್ದು ನಾನು ನಿಂತಲ್ಲಿಗೆ ಕೇಳಿಸಿತು. ಹಸಿರು ಪೋಲಕ ಎದ್ದು ಓಡಿತು. ಅವಳು ಮೊದಲನೆಯವಳನ್ನು ಕಂಬದ ಹತ್ತಿರ ಹಿಡಿದಳು, ಎರಡನೆಯವಳನ್ನು ಗೆರೆಯ ಅಂಚಿನಲ್ಲಿ ಬಿದ್ದು ಮುಟ್ಟಿದಳು. ಮೊಣಕಾಲಿನ ತುಂಬ ಕೆಮ್ಮಣ್ಣು. ನಾಯಕಿಯನ್ನು ನೋಡಿ ಇನ್ನೊಬ್ಬಳೂ ಮುಟ್ಟಿ ಖೋ ಕೊಟ್ಟಳು. ಪಕ್ಕದ ಮನೆಯ ಹುಡುಗಿ ಮಾತ್ರ ಕೊನೆಯವರೆಗೂ ಕೊಡಲಿಲ್ಲ.

ಒಂದು ಅಂಕದಿಂದ ಸೋತೆವು.

ವಾಪಸು ಬಸ್ಸಿನಲ್ಲಿ ಡ್ರಿಲ್ ಮೇಷ್ಟ್ರು ಮುಂದಿನ ಸೀಟಿನವರಿಗೆ, "ಮೊದಲ ಸರದಿಯಾಗೆ ಆ ಮೂರು ಫೌಲ್ ಆಗದಿದ್ರೆ ನಮ್ಮದೇ ಇತ್ತು ರೀ. ಆ ಹುಡುಗಿ ಇದ್ದ ಜಾಗದಾಗೇ ಕೆಟ್ಟಿದ್ದು," ಅನ್ನುತ್ತಿದ್ದರು. ಫೌಲು ಯಾರ ಕೈಯದು ಎಂದು ಹೇಳಲಿಲ್ಲ.

ಮಗಳು ನನ್ನ ತೋಳಿಗೆ ಒರಗಿದ್ದಳು. ನಿದ್ದೆ ಹೋಗಿದ್ದಾಳೆಂದುಕೊಂಡಿದ್ದೆ.

"ಅಮ್ಮ, ನಾಳೆಯಿಂದ ನಾನು ಖೋಖೋಗೆ ಹೋಗಲ್ಲ."

"ಇಬ್ಬರನ್ನ ಔಟ್ ಮಾಡಿದೆಯಲ್ಲೇ."

"ಮಾಡಿದೆ. ಆದ್ರೂ ನನ್ನಿಂದಲೇ ಸೋತ್ವಿ ಅಂತಾರೆ. ದಿನಾ ಯಾರು ಮುಟ್ತಾರೆ, ಯಾರು ಮುಟ್ಟಲ್ಲ ಅಂತ ನೋಡ್ಕೊಂಡು ಕೂರೋಕೆ ನಂಗೆ ಬೇಜಾರು."

ಹಾಗಲ್ಲ ಮಗಳೇ ಎಂದು ಏನೇನೋ ಹೇಳಿದೆ. ಅವಳು ಎಲ್ಲದಕ್ಕೂ ಹೂಂಗುಟ್ಟಿದಳು. ಆ ಹೂಂ ಒಪ್ಪಿದ್ದಲ್ಲ ಎಂದು ತಾಯಿಗೆ ತಿಳಿಯುತ್ತದೆ.

ಮನೆಗೆ ಬಂದವಳೇ ಬೀರುವಿನಲ್ಲಿದ್ದ ಮೂರು ಬಿಳಿ ಪೋಲಕಗಳನ್ನೂ, ಚೀಲದಲ್ಲಿದ್ದ ಒಂದನ್ನೂ ಹಿತ್ತಲಿಗೆ ತಂದು ನೀರಿಗೆ ಹಾಕಿದೆ. ನೀರು ಹಾಲಿನಂತಾಯಿತು. ಚೆಲ್ಲಿ ಇನ್ನೊಂದು ನೀರು, ಚೆಲ್ಲಿ ಮತ್ತೊಂದು. ಒಗೆಯುವ ಕಲ್ಲಿನ ಮೇಲೆ ಎತ್ತಿ ಎತ್ತಿ ಬಡಿದೆ. ಒಂದರ ಗುಂಡಿ ಹಾರಿ ಹೋಯಿತು. ಅತ್ತೆ ಬಾಗಿಲಿಗೆ ಬಂದು, "ಇಸ್ತ್ರಿ ಮಾಡಿದ ಬಟ್ಟೆ ಯಾಕೆ ನೀರಿಗೆ ಹಾಕಿದಿ? ನಾಳೆ ಮುದುಡಿದ್ದು ಹಾಕ್ಕೊಂಡು ಹೋಗ್ಬೇಕಾ?" ಎಂದರು.

"ಹೌದು ಅತ್ತೆ. ಇನ್ನು ಮುದುಡಿದ್ದೇ."

ಅವರು ಒಳಗೆ ಹೋಗಿ ಹಂಡೆಯ ಉರಿ ಎಳೆದು ಆರಿಸಿದರು. "ತಣ್ಣೀರು ತೋಡಿಟ್ಟೀನಿ, ಹುಡುಗಿಗೆ," ಅಂದರು. ಅಷ್ಟೇ.

ತಾಲ್ಲೂಕು ಕಚೇರಿಯಿಂದ ಬಂದ ನಮ್ಮನೆಯವರಿಗೆ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. "ಹೆಡ್‌ಮಾಸ್ಟರಿಗೆ ಒಂದು ಮಾತು ಹೇಳೋಣ," ಅಂದರು.

"ಯಾವಾಗ?"

"ನೋಡೋಣ."

ಊರಿನ ಪಹಣಿಯಲ್ಲೆಲ್ಲ ಒಂದಕ್ಷರ ಆಚೀಚೆ ಆದರೆ ನಿದ್ದೆಗೆಡುವ ಮನುಷ್ಯ. ನಾನು ಅವರ ಕಾಫಿ ಲೋಟವನ್ನು ಸ್ವಲ್ಪ ಜೋರಾಗಿಯೇ ಕೆಳಗಿಟ್ಟೆ.

ದೀಪ ಹಚ್ಚುವ ಹೊತ್ತಿಗೆ ಪಕ್ಕದ ಮನೆಯಾಕೆ ಲೋಟ ಹಿಡಿದುಕೊಂಡು ಹಿತ್ತಲ ಕಡೆಯಿಂದ ಬಂದರು. ಹಾಲಿಗೆ ಹಾಕಲು ಹೆಪ್ಪು ಬೇಕಿತ್ತು. ಇವರು ಬರಲಿ ಎಂದೇ ನಾನು ಕಾದಿದ್ದೆ. ಏನು ಹೇಳಬೇಕೆಂದು ಬಸ್ಸಿನಿಂದಲೇ ಮಾತು ಜೋಡಿಸಿಕೊಂಡಿದ್ದೆ. ಒಂದೊಂದು ಮಾತೂ ತೂಗಿ, ಅವರ ಮಗಳ ಹೆಸರು ಬಾರದ ಹಾಗೆ, ಅವರಿಗೆ ತಪ್ಪದೆ ತಾಗುವ ಹಾಗೆ. ಮೊಸರಿನ ಗಡಿಗೆ ತೆಗೆದು ಅವರ ಎದುರು ನಿಂತೆ.

ಮಗಳು ಮೆಟ್ಟಿಲ ಮೇಲೆ ಎರಡು ತೋಳನ್ನೂ ಮುಂದಕ್ಕೆ ಚಾಚಿ, ಗುಲಾಬಿ ಔಷಧಿ ಆರಲೆಂದು ಕುಳಿತಿದ್ದಳು. ಬೆಳಕು ಅವಳ ಮೊಣಕೈ ಸಂದಿನ ಮೇಲೆ ಬಿದ್ದಿತ್ತು. ಪಕ್ಕದ ಮನೆಯಾಕೆ ಬಗ್ಗಿ ನೋಡಿದರು. ಏಳು ವರ್ಷ ಗೋಡೆಯಾಚೆ ಇದ್ದವರು ಅದನ್ನು ಹತ್ತಿರದಿಂದ ನೋಡಿದ್ದು ಅದೇ ಮೊದಲಿರಬೇಕು.

"ಅಯ್ಯ, ಇದಾ?" ಅಂದರು, ಲೋಟ ನನ್ನ ಕಡೆ ಚಾಚುತ್ತ. "ನಂಗೂ ಇದೇ ಜಾಗದಾಗೆ ಇತ್ತು ಕಣ್ರಿ, ದೊಡ್ಡಾಕೆ ಆಗೋ ಮಟ. ನಾವು ಐದು ಜನ ಅಕ್ಕತಂಗೇರು ಒಂದೇ ಚಾಪೆ ಮ್ಯಾಲೆ ಮಲಗ್ತಿದ್ವಿ, ಯಾರಿಗೂ ಬರಲಿಲ್ಲ. ಹೆಪ್ಪು ಇನ್ನೊಂದೀಟು ಹಾಕ್ರಿ."